ಕರೆಂಟ್ ಬಂದ ಮೇಲಿನ ಹತ್ತು ಸೆಕೆಂಡು

ಅಣ್ಣ ಸ್ಕೂಟರಿಗೆ ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿ ಒಳಗೆ ಬಂದ. ಜನವರಿ ತಿಂಗಳು, ಮಧ್ಯಾಹ್ನ ನಾಲ್ಕು ಗಂಟೆ ಇರಬಹುದು. ನಾನು ಒಂದು ಬೋರ್ಡಿಗೆ ಬೆಸುಗೆ ಹಾಕುತ್ತಾ ಕೂತಿದ್ದೆ.

"ಪಲ್ಪರ್ ಅಕ್ಕನ ಕೈ ಹೋಗ್ಬುಡ್ತು ಕಣೆ," ಅಂದ.

"ಯಾವ ಕೈ?"

ಅಂಥ ಹೊತ್ತಿನಲ್ಲಿ ಆ ಪ್ರಶ್ನೆ ನನ್ನ ಬಾಯಿಂದ ಯಾಕೆ ಬಂತೋ ಇವತ್ತಿಗೂ ಗೊತ್ತಿಲ್ಲ. ಎಡಗೈ ಅಂದಿದ್ದರೆ ಸಮಾಧಾನ ಆಗುತ್ತಿತ್ತೇ?

"ಬಲಗೈ. ಡ್ರಮ್ಮಿಗೆ ಸಿಕ್ಬುಡ್ತಂತೆ. ಹಾಸನಕ್ಕೆ ಕರ್ಕೊಂಡೋದ್ರು."

"ಡ್ರಮ್ಮಿಗೆ ಹೆಂಗೆ ಸಿಗ್ತದೆ? ಓಡ್ತಿರೋ ಮೆಷಿನ್ನಿಗೆ ಕೈ ಹಾಕೋಳಲ್ಲ ಅವಳು."

"ಓಡ್ತಿರ್ಲಿಲ್ಲ ಮಾರಾಯ್ತಿ. ಕರೆಂಟೇ ಇರ್ಲಿಲ್ಲ. ಆಮೇಲೆ ಬಂತಂತೆ."

ಕೈಯಲ್ಲಿದ್ದ ಬೆಸುಗೆ ಕಡ್ಡಿ ಮೇಜನ್ನು ಸುಡುತ್ತಿದ್ದದ್ದು ಅಣ್ಣ ಅದರ ವೈರು ಕಿತ್ತ ಮೇಲೇ ನನಗೆ ಗೊತ್ತಾದದ್ದು.

ನಮ್ಮದು ಆನೇಮಹಲಿನ ಹೆದ್ದಾರಿ ಬದಿಯ ಅಂಗಡಿ. ಅಣ್ಣ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದ. ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಂದು, ಅದೇ ಅಂಗಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು, ಮೋಟಾರುಗಳು ಸುಡದ ಹಾಗೆ ಕಾಯುವ ಪೆಟ್ಟಿಗೆಗಳನ್ನು ಮಾಡುತ್ತಿದ್ದೆ. ತೊಂಬತ್ತರ ದಶಕದ ಕೊನೆ. ಮೊದಲು ಮಾಡಿದ ಪೆಟ್ಟಿಗೆಗಳಲ್ಲಿ ಸಣ್ಣ ಪ್ರೊಸೆಸರ್ ಇತ್ತು. ಪಕ್ಕದಲ್ಲಿ ಮೋಟಾರಿನ ಸ್ಟಾರ್ಟರ್ ಒಂದು ಕಿಡಿ ಹಾರಿಸಿದರೆ ಸಾಕು, ಅದು ಗರಬಡಿದ ಹಾಗೆ ನಿಂತುಬಿಡುತ್ತಿತ್ತು. ಅದಕ್ಕೇ ಬೇರೆ ಥರದ ಚಿಪ್ಪಿಗೆ ಬದಲಾಯಿಸಿದೆ. ತಂದಾಗ ಆ ಚಿಪ್ಪಿಗೆ ಏನೂ ಗೊತ್ತಿರುವುದಿಲ್ಲ. ಅದರೊಳಗಿನ ಸಾವಿರಾರು ಸಣ್ಣ ಸ್ವಿಚ್ಚುಗಳಲ್ಲಿ ಯಾವುದು ಯಾವುದಕ್ಕೆ ಸೇರಬೇಕೆಂದು ನಾವು ಕಂಪ್ಯೂಟರಿನಲ್ಲಿ ಬರೆದು ಇಳಿಸಬೇಕು. ಇಳಿಸಿದ ಮೇಲೆ ನಾವು ಬರೆದದ್ದೇ ಅದರ ಬಾಳು. ಬೇಡವೆಂದರೆ ಅಳಿಸಿ ಬೇರೆ ಬರೆಯಬಹುದು.

ಪ್ರತಿ ಪೆಟ್ಟಿಗೆಗೂ ಮೊದಲಿಂದ ಬರೆಯುತ್ತಾ ಕೂತರೆ ಆಯಸ್ಸು ಸಾಲದು. ಹಾಗಾಗಿ ಒಂದೊಂದು ಕೆಲಸಕ್ಕೆ ಒಂದೊಂದು ತುಂಡು ಬರೆದು, ವಾರಗಟ್ಟಲೆ ಪರೀಕ್ಷಿಸಿ, ಫ್ಲಾಪಿಯಲ್ಲಿ ಎತ್ತಿಡುತ್ತಿದ್ದೆ. ಮುಂದಿನ ಪೆಟ್ಟಿಗೆಗೆ ಬೇಕಾದ ತುಂಡುಗಳನ್ನು ತೆಗೆದು ಜೋಡಿಸಿದರೆ ಆಯಿತು. ಈ ತುಂಡುಗಳನ್ನು ಬ್ಲಾಕ್ ಅನ್ನುತ್ತಿದ್ದೆ. ಎಲ್ಲ ಬ್ಲಾಕುಗಳೂ ಸೇರಿದ ಸಂಗ್ರಹಕ್ಕೆ ಅಣ್ಣ ಸ್ಟೋರ್ ಅಂತ ಹೆಸರಿಟ್ಟ. ಎಸ್ಟೇಟಿನಲ್ಲಿ ಗುದ್ದಲಿ, ಗೊಬ್ಬರ, ಹಗ್ಗ ಎಲ್ಲ ಸ್ಟೋರಿನಿಂದ ತಾನೇ ಕೊಡುವುದು. ಪ್ರತಿ ಬ್ಲಾಕಿಗೂ ಒಂದು ನೋಟ್‌ಬುಕ್ಕಿನಲ್ಲಿ ಒಂದು ಪುಟ: ಏನು ಒಳಗೆ ಹೋಗುತ್ತದೆ, ಏನು ಹೊರಗೆ ಬರುತ್ತದೆ, ಎಷ್ಟು ಸಲ ಪರೀಕ್ಷೆ ಪಾಸಾಯಿತು. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ: ಪಾಸಾದ ಬ್ಲಾಕನ್ನು ಮತ್ತೆ ಬಿಚ್ಚಬಾರದು. ನನ್ನ ಕೈಬರಹವೇ. ಆಗ ನನಗೆ ಎಷ್ಟು ಜಂಭ ಇತ್ತೆಂಬುದು ಆ ಅಕ್ಷರದ ಗಾತ್ರ ನೋಡಿದರೇ ಗೊತ್ತಾಗುತ್ತದೆ.

ಸ್ಟೋರಿನಲ್ಲಿ ಎಲ್ಲರೂ ಮೆಚ್ಚಿದ್ದು ಮೂರು ಬ್ಲಾಕು. ‘ನೋಡು’ ಎಂಬುದು ಕರೆಂಟಿನ ಮೂರು ಫೇಸೂ ಸರಿಯಾಗಿವೆಯೇ ಎಂದು ನೋಡಿ, ಇಲ್ಲದಿದ್ದರೆ ಮೋಟಾರನ್ನು ನಿಲ್ಲಿಸುತ್ತಿತ್ತು. ‘ಕಾಯು’ ಎಂಬುದು ಕರೆಂಟ್ ಬಂದ ಮೇಲೆ ಅದು ಒಂದು ಹದಕ್ಕೆ ಬರಲೆಂದು ಹತ್ತು ಸೆಕೆಂಡು ಕಾಯುತ್ತಿತ್ತು. ‘ಎಬ್ಬಿಸು’ ಎಂಬುದು ಆಮೇಲೆ ಮೋಟಾರನ್ನು ತಾನೇ ಚಾಲೂ ಮಾಡುತ್ತಿತ್ತು. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವವರಿಲ್ಲ. ಹಳ್ಳದ ಪಂಪು ಚಾಲೂ ಮಾಡಲು ಜನ ಗುಡ್ಡ ಇಳಿದು ಓಡಬೇಕಿತ್ತು. ನನ್ನ ಪೆಟ್ಟಿಗೆ ಬಂದ ಮೇಲೆ ಓಡುವುದು ತಪ್ಪಿತು. "ನೀನು ಪುಣ್ಯ ಕಟ್ಕೊಂಡೆ ಕಣವ್ವ" ಎಂದು ಮುದುಕರು ಹೇಳಿದರೆ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಪಲ್ಪರ್ ಅಕ್ಕ ನಮ್ಮ ಅಂಗಡಿಯ ಮೇಲಿನ ಗುಡ್ಡದ ಎಸ್ಟೇಟಿನವಳು. ಕಾಫಿ ಹಣ್ಣನ್ನು ಕಿತ್ತ ದಿನವೇ ಸಿಪ್ಪೆ ಬಿಡಿಸಬೇಕು, ಇಲ್ಲದಿದ್ದರೆ ರಾಶಿಯಲ್ಲೇ ಕಾವು ಬಂದು ಹುಳಿಯುತ್ತದೆ. ಬಿಡಿಸುವ ಮೆಷಿನ್ನೇ ಪಲ್ಪರ್. ಮೇಲಿನ ಬಾಯಿಗೆ ಹಣ್ಣು, ನೀರು ಸುರಿದರೆ ಒಳಗಿನ ಡ್ರಮ್ಮು ತಿರುಗಿ ಸಿಪ್ಪೆಯನ್ನು ಉಜ್ಜಿ ತೆಗೆಯುತ್ತದೆ. ಮದುವೆಯಾಗಿ ಎಸ್ಟೇಟಿನ ಆಳುಗಳ ಲೈನ್ ಮನೆಗೆ ಬಂದ ವರ್ಷದಿಂದ ಅಕ್ಕ ಅಲ್ಲೇ ಕೆಲಸ ಮಾಡುತ್ತಿದ್ದಳು. ನಾನು ಲಂಗ ತೊಟ್ಟು ಶಾಲೆಗೆ ಹೋಗುವಾಗ ಸೆರಗಿನಲ್ಲಿ ಪೇರಲೆ ಕಟ್ಟಿಕೊಂಡು ಬಂದು ದಾರಿಯಲ್ಲಿ ಕೊಡುತ್ತಿದ್ದವಳು.

ಆ ಎಸ್ಟೇಟಿನಲ್ಲಿ ಒಂದು ಫೇಸ್ ಹೋಗಿ ಪಲ್ಪರಿನ ಮೋಟಾರು ಎರಡು ಸಲ ಸುಟ್ಟಿತ್ತು. ಲೆಕ್ಕಪತ್ರ, ಆಳುಗಳ ಹಾಜರಿ ಎಲ್ಲ ನೋಡಿಕೊಳ್ಳುವ ರೈಟರ್ ಬಂದು, ಸುಡದ ಹಾಗೆ ಏನಾದರೂ ಮಾಡಿಕೊಡಿ ಎಂದು ಕೇಳಿದರು. ಅವರು ಕೇಳಿದ್ದು ಅಷ್ಟೇ. ಅದಕ್ಕೆ ‘ನೋಡು’ ಒಂದೇ ಸಾಕಿತ್ತು. ಆದರೆ ಪಂಪಿನ ಪೆಟ್ಟಿಗೆಯ ಮೂರೂ ಬ್ಲಾಕು ಒಟ್ಟಿಗೇ ಇದ್ದವಲ್ಲ, ಹಾಗೇ ಎತ್ತಿ ಹಾಕಿದೆ. ಅರ್ಧ ದಿನದಲ್ಲಿ ಪೆಟ್ಟಿಗೆ ತಯಾರು. ಒಂದು ಅಕ್ಷರ ಹೊಸದಾಗಿ ಬರೆಯದೆ ಪಲ್ಪರಿಗೆ ಪೆಟ್ಟಿಗೆ ಮಾಡಿದೆ ಎಂದು ಅಣ್ಣನ ಹತ್ತಿರ ಕೊಚ್ಚಿಕೊಂಡೆ.

ಕೂರಿಸಲು ಹೋದ ದಿನ ಎರಡು ಸಲ ಕರೆಂಟ್ ಹೋಯಿತು. ಇನ್ನೂ ಹಳೆಯ ಸ್ಟಾರ್ಟರೇ ಇತ್ತು, ಹಸಿರು ಗುಂಡಿ ಒತ್ತಿದರೆ ಮಾತ್ರ ಮೆಷಿನ್ ಚಾಲೂ. ಮೊದಲ ಸಲ ಕರೆಂಟ್ ಹೋದ ತಕ್ಷಣ ಅಕ್ಕ ಬಳೆ ಮೇಲಕ್ಕೆ ಸರಿಸಿ ಮೊಣಕೈ ತನಕ ಒಳಗೆ ಕೈ ಹಾಕಿದಳು. ಸಿಕ್ಕಿಕೊಂಡ ಎಲೆ, ಕಡ್ಡಿ, ಒಂದು ಕಲ್ಲು ತೆಗೆದಳು. ಕರೆಂಟ್ ಹೋದ ಹೊತ್ತೇ ಅವರಿಗೆ ಮೆಷಿನ್ ತೊಳೆಯುವ ಹೊತ್ತು. ದೀಪ ಹತ್ತಿಕೊಂಡಾಗ ಇನ್ನೊಬ್ಬಳು ಗುಂಡಿಯ ಕಡೆ ಹೋದಳು. ಅಕ್ಕ ತಿರುಗಿಯೂ ನೋಡದೆ ಹೇಳಿದಳು:

"ಮುಟ್ಬ್ಯಾಡ. ಕೈ ಹಾಕಿದೋಳು ನಾನು."

ಅದು ಅಲ್ಲಿನ ಕಟ್ಟಳೆ. ಯಾರು ಕೈ ಹಾಕಿದರೋ ಅವರೇ ಗುಂಡಿ ಒತ್ತಬೇಕು. ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಎಸ್ಟೇಟಿನ ಸಾಹುಕಾರರೇ ಬಂದರೂ ಇಲ್ಲ. ಎರಡನೆಯ ಸಲ ಅಕ್ಕ ಕೈ ತೆಗೆದು ನೀರು ಕುಡಿಯಲು ಹೋಗಿದ್ದಳು, ಅಷ್ಟರಲ್ಲಿ ಕರೆಂಟ್ ಬಂತು. ಐದು ಜನ ಹೆಂಗಸರು ಸುಮ್ಮನೆ ನಿಂತರು. ರೈಟರ್ ಗಡಿಯಾರ ನೋಡಿಕೊಂಡು ಗೊಣಗಿದರು. ನಾನು ಅದನ್ನೆಲ್ಲ ನೋಡುತ್ತಲೇ ನಿಂತಿದ್ದೆ. ನನಗೆ ಕಂಡದ್ದು ಇಷ್ಟೇ: ಸುಮ್ಮನೆ ಹೊತ್ತು ಹಾಳು. ನನ್ನ ಪೆಟ್ಟಿಗೆ ಬಂದರೆ ಈ ತಾಪತ್ರಯವೂ ತಪ್ಪುತ್ತದೆ ಎಂದು ರೈಟರಿಗೆ ಹೇಳಿ, ಹಳೆಯ ಸ್ಟಾರ್ಟರಿನ ತಂತಿ ಬಿಚ್ಚಿದೆ.

ಅಪಘಾತದ ಮರುದಿನ ಬೆಳಿಗ್ಗೆ ಅಣ್ಣನೂ ನಾನೂ ಪಲ್ಪರ್ ಮನೆಗೆ ಹೋದೆವು. ನೆಲವನ್ನು ತೊಳೆದಿದ್ದರು. ಪೆಟ್ಟಿಗೆ ಕೆಟ್ಟಿರಬೇಕು ಎಂದು ನಾನು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಸಿಡಿಲು ಬಡಿದಿರಬೇಕು, ಇಲಿ ತಂತಿ ಕಡಿದಿರಬೇಕು, ಯಾರೋ ಬಿಚ್ಚಿ ಆಡಿಸಿರಬೇಕು. ದೇವರೇ, ಕೆಟ್ಟಿರಲಿ ಎಂದು ಬೇಡಿಕೊಂಡೆ. ಎಲ್ಲರನ್ನೂ ದೂರ ನಿಲ್ಲಿಸಿ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ದೀಪ ಹತ್ತಿತು. ಒಂದು, ಎರಡು, ಮೂರು ಎಂದು ಎಣಿಸಿದೆ. ಹತ್ತಕ್ಕೆ ಸರಿಯಾಗಿ ಡ್ರಮ್ಮು ಗಿರ್ರೆಂದು ತಿರುಗಿತು. ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ, ನಾನು ಬರೆದದ್ದನ್ನು ಬರೆದ ಹಾಗೇ ಮಾಡಿತ್ತು.

ಅಲ್ಲಿಯ ಹೆಂಗಸರು ಹೇಳಿದರು. ಅಕ್ಕ ಒಳಗೆ ಕೈ ಹಾಕಿದ್ದಾಗ ದೀಪ ಹತ್ತಿತಂತೆ. ಕಡ್ಡಿಯೊಂದು ಬಿಗಿಯಾಗಿ ಸಿಕ್ಕಿಕೊಂಡಿತ್ತಂತೆ, ಅದೊಂದನ್ನು ಎಳೆದು ಮುಗಿಸಿಬಿಡೋಣ ಎಂದಳಂತೆ. ಹೊಸ ಪೆಟ್ಟಿಗೆ ಬಂದು ತಿಂಗಳಾಗಿರಬಹುದು. ಅದಕ್ಕೂ ಮುಂಚೆ ಇಪ್ಪತ್ತೈದು ವರ್ಷ ಅವಳು ಕೈ ಹಾಕಿದ ಮೇಲೆ ಅವಳೇ ಒತ್ತದೆ ಆ ಡ್ರಮ್ಮು ತಿರುಗಿರಲಿಲ್ಲ. ಕೈಗೆ ಅದೇ ರೂಢಿ.

"ಮೇನ್ ಆಫ್ ಮಾಡ್ದೆ ಕೈ ಹಾಕಿದ್ದು ಅವಳ್ದೇ ತಪ್ಪು ಕಣ್ರೀ," ಅಂದರು ರೈಟರ್. ಸಾಹುಕಾರರು ತಲೆಯಾಡಿಸಿದರು. ನಾನೂ ಅಲ್ಲೇ ನಿಂತಿದ್ದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು, ಸಣ್ಣ ಮಾತಿಗೂ ಎಗರಾಡುವವಳು ಎಂದು ಊರಿಗೆಲ್ಲ ಹೆಸರಾದ ನನಗೆ ಅವತ್ತು ಬಾಯಿ ಕಟ್ಟಿಹೋಯಿತು. ಅಣ್ಣ ಪೆಟ್ಟಿಗೆ ಬಿಚ್ಚಿ ಹಳೆಯ ಸ್ಟಾರ್ಟರ್ ಜೋಡಿಸಿದ ಮೇಲೆ ಗುಡ್ಡ ಇಳಿದೆ.

ಅಂಗಡಿಗೆ ಬಂದು ನೋಟ್‌ಬುಕ್ಕಿನಲ್ಲಿ ‘ಎಬ್ಬಿಸು’ ಪುಟ ತೆಗೆದೆ. ಒಳಗೆ ಹೋಗುವುದು, ಹೊರಗೆ ಬರುವುದು, ಪಾಸು, ಪಾಸು, ಪಾಸು. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ ಸಾಲೊಂದಿತ್ತು: ‘ಪಲ್ಪರ್ — ರೈಟರ್ ಫೋನ್ — ಸರಿಯಾಗಿದೆ’.

ಫೋನ್ ಬಂದದ್ದು ನನಗೆ ಮರೆತೇಹೋಗಿತ್ತು. ಅಪಘಾತಕ್ಕೆ ಒಂದು ವಾರ ಮೊದಲು ರೈಟರ್ ಮಾಡಿದ್ದರು. "ಏನಿಲ್ಲ, ಪಲ್ಪರ್ ಅಕ್ಕ ಹೇಳ್ತಾವ್ಳೆ, ಮೆಷಿನ್ನು ತಂತಾನೇ ಎದ್ಬುಡ್ತದಂತೆ. ನಿಮ್ಗೆ ಹೇಳು ಅಂತ ಒಂದೇ ಸಮ ತಲೆ ತಿಂತಾವ್ಳೆ." ನಾನು ನಕ್ಕಿದ್ದೆ. ಹೌದು, ನಕ್ಕಿದ್ದೆ. "ಹಂಗೇ ಆಗ್ಬೇಕು ಕಣ್ರೀ, ಅದಕ್ಕೇ ಅಲ್ವಾ ಮಾಡಿರೋದು. ಹೆದರ್ಬ್ಯಾಡ ಅಂತ ಹೇಳಿ," ಎಂದು ಫೋನ್ ಇಟ್ಟು, ಮರೆಯಬಾರದೆಂದು ಆ ಸಾಲು ಗೀಚಿಕೊಂಡಿದ್ದೆ. ಅವಳಿಗೆ ಗೊತ್ತಾಗಿತ್ತು. ಹೇಳಿಯೂ ಕಳಿಸಿದ್ದಳು. ಹೆದರಬೇಡ ಎಂದು ಉತ್ತರ ಕೊಟ್ಟವಳು ನಾನು.

ಆಮೇಲೆ ನಾಲ್ಕು ದಿನ ನಾನೇನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಏನೂ ಮಾಡಲಿಲ್ಲ. ಊಟ ಸೇರಲಿಲ್ಲ, ಅಣ್ಣನ ಮೇಲೆ ರೇಗಿದೆ, ಕಂಪ್ಯೂಟರಿಗೆ ಬಟ್ಟೆ ಮುಚ್ಚಿಟ್ಟೆ. ಹೇಳಬೇಕೋ ಬೇಡವೋ, ಹೇಳಿದರೆ ಜನ ಏನನ್ನುತ್ತಾರೆ, ಅಂಗಡಿಯ ಗತಿ ಏನು. ಈ ಯೋಚನೆಗಳೆಲ್ಲ ನನ್ನ ಸುತ್ತಲೇ ಸುತ್ತುತ್ತಿದ್ದವು. ಐದನೆಯ ದಿನ ಅಣ್ಣ ಗದರಿದ. "ಹೋಗಿ ಮುಖ ತೋರ್ಸಿ ಬಾ. ಅವಳು ನಿನ್ನ ಎತ್ತಾಡಿಸ್ದೋಳು." ಹಾಸನದ ಬಸ್ಸು ಹತ್ತಿದೆ.

ಅಕ್ಕ ಮಂಚದ ಮೇಲೆ ಒರಗಿ ಕೂತಿದ್ದಳು. ಬಲಗೈಗೆ ದಪ್ಪವಾಗಿ ಬಟ್ಟೆ ಸುತ್ತಿದ್ದರು. ಪಕ್ಕದಲ್ಲಿ ಮಗಳು ಕಿತ್ತಳೆ ಸುಲಿಯುತ್ತಿದ್ದಳು. ಮೂರು ಬೆರಳು ಹೋಗಿವೆ, ಹೆಬ್ಬೆರಳು, ತೋರುಬೆರಳು ಉಳಿಯಬಹುದು ಎಂದು ಡಾಕ್ಟರು ಹೇಳಿದ್ದಾರೆ ಎಂದು ಆ ಹುಡುಗಿ ಹೇಳಿದಳು. ಎರಡು ಉಳಿದರೆ ಹಣ್ಣು ಕೀಳಬಹುದು ಎಂದಳು ಅಕ್ಕ. ಅವಳ ದನಿ ಎಂದಿನ ಹಾಗೇ ಇತ್ತು, ಅದನ್ನೇ ನನಗೆ ತಡೆಯಲಾಗಲಿಲ್ಲ.

"ತಪ್ಪು ನಂದು ಅಕ್ಕ," ಅಂದೆ. ಬಸ್ಸಿನಲ್ಲಿ ಉರುಹೊಡೆದುಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ನೀನು ಹೇಳಿ ಕಳ್ಸಿದ್ದೆ. ನಾನು ಕಿವಿಗೆ ಹಾಕ್ಕೊಳ್ಲಿಲ್ಲ."

"ಅದು ನಂಗೊತ್ತು ಮಗ." ಅವಳು ನನ್ನನ್ನೇ ನೋಡಿದಳು. "ಇನ್ನೆಲ್ಲೆಲ್ಲಿ ಕೂರ್ಸಿದೀಯ ಅದನ್ನ?"

ನೋಟ್‌ಬುಕ್ಕಿನಲ್ಲಿ ಪ್ರತಿ ಬ್ಲಾಕು ಎಲ್ಲೆಲ್ಲಿ ಹೋಗಿದೆ ಎಂಬ ಪಟ್ಟಿಯೇ ಇತ್ತು, ನಾನೇ ಬರೆದದ್ದು. ಒಮ್ಮೆ ಮಾಡಿ ಹತ್ತು ಕಡೆ ಹಾಕುವುದೇ ನನ್ನ ಕೆಲಸದ ಹೆಚ್ಚುಗಾರಿಕೆ ಎಂದು ಮೆರೆದವಳು, ಐದು ದಿನದಲ್ಲಿ ಒಂದು ಸಲವೂ ಆ ಪಟ್ಟಿಯನ್ನು ನೆನೆಸಿಕೊಂಡಿರಲಿಲ್ಲ. ಮೇಲಿನ ಎಸ್ಟೇಟಿನ ಪೆಟ್ಟಿಗೆ ಚೆನ್ನಾಗಿದೆ ಎಂದು ಕೇಳಿ ಇನ್ನೂ ಮೂವರು ಪಲ್ಪರಿಗೆ ಹಾಕಿಸಿಕೊಂಡಿದ್ದರು.

"ಮೂರು ಕಡೆ," ಅಂದೆ.

"ಇಲ್ಲಿ ಕೂತು ಏನ್ ಮಾಡ್ತೀಯ ಮತ್ತೆ? ಹಣ್ಣಿನ ಕಾಲ. ಎದ್ದೋಗು."

ಆಸ್ಪತ್ರೆಯ ಎದುರಿನ ಬೂತಿನಿಂದ ಅಣ್ಣನಿಗೆ ಫೋನ್ ಮಾಡಿದೆ. ಆಲೂರಿನ ದಾರಿಯದಕ್ಕೂ ನಮ್ಮ ಪಕ್ಕದ ಎಸ್ಟೇಟಿನದಕ್ಕೂ ಅವನು ಸ್ಕೂಟರಿನಲ್ಲಿ ಹೊರಟ. ಬೆಳಗೋಡಿನ ತೋಟದ ಫೋನ್ ಸತ್ತಿತ್ತು. ಅದನ್ನು ನಾನು ನೋಡುತ್ತೇನೆ ಎಂದೆ. ಸಕಲೇಶಪುರದಲ್ಲಿ ಬಸ್ಸು ಬದಲಿಸಿದೆ. ಆ ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲ ನಿಂತಿತು. ಹುಲ್ಲಿನ ಹೊರೆ ಹತ್ತಿಸಲು ನಿಂತಿತು, ಡ್ರೈವರ್ ಯಾರದೋ ಮನೆಯ ಕುಶಲ ಕೇಳಲು ನಿಂತಿತು. ನಾನು ಕಂಡಕ್ಟರಿನ ಮೇಲೆ ಕೂಗಾಡಿದೆ. "ನಿಮ್ದೊಬ್ರದೇ ಅಲ್ಲ ಕಣಮ್ಮ ಅರ್ಜೆಂಟು," ಎಂದು ಅವನು ಹೇಳಿದ. ಇಳಿದು ಗದ್ದೆಯ ಬದುವಿನ ಮೇಲೆ ಓಡಿದೆ. ಚಪ್ಪಲಿ ಕಿತ್ತುಹೋಯಿತು, ಅದನ್ನು ಅಲ್ಲೇ ಬಿಟ್ಟೆ.

ಹತ್ತಿರ ಬಂದಾಗ ಪಲ್ಪರಿನ ಸದ್ದು ಕೇಳಿಸುತ್ತಿತ್ತು. ಸದ್ದು ಇದ್ದರೆ ಒಳಗೆ ಕೈ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಣದ ಅಂಚಿಗೆ ಬರುತ್ತಿದ್ದ ಹಾಗೆ ಸದ್ದು ಇಳಿಯುತ್ತಾ ಹೋಗಿ ನಿಂತಿತು. ಕರೆಂಟ್ ಹೋಗಿತ್ತು.

ಬಾಗಿಲಿನಲ್ಲಿ ನಿಂತು ನೋಡಿದೆ. ನನ್ನ ವಯಸ್ಸಿನವಳೇ ಒಬ್ಬ ಹೆಂಗಸು ಬಳೆ ಮೇಲಕ್ಕೆ ಸರಿಸಿಕೊಂಡು ಮೊಣಕೈ ತನಕ ಕೈ ಇಳಿಸಿದ್ದಳು. ಕೂಗಿದರೆ ಅವಳು ತಿರುಗಿ ನೋಡುತ್ತಾಳೆಯೇ ಹೊರತು ಕೈ ತೆಗೆಯುವುದಿಲ್ಲ. ಮೇನ್ ಸ್ವಿಚ್ ಹಿಂದಿನ ಗೋಡೆಯಲ್ಲಿದೆ ಎಂದು ನನಗೆ ಗೊತ್ತಿತ್ತು, ಕೂರಿಸಿದವಳು ನಾನೇ ತಾನೇ. ಹಣ್ಣಿನ ರಾಶಿಯನ್ನು ತುಳಿದುಕೊಂಡೇ ಹೋಗಿ ಅದರ ಹಿಡಿಯನ್ನು ಕೆಳಕ್ಕೆಳೆದು ಎರಡೂ ಕೈಯಲ್ಲಿ ಒತ್ತಿ ಹಿಡಿದೆ.

"ಯಾರಮ್ಮ ನೀನು, ಹಣ್ಣು ತುಳೀತೀಯಲ್ಲ," ಎಂದು ಅವಳು ಕೈ ತೆಗೆಯದೆಯೇ ಬೈದಳು.

ಅಷ್ಟರಲ್ಲಿ ಮಾಡಿನಲ್ಲಿ ತೂಗುತ್ತಿದ್ದ ಬಲ್ಬು ಹತ್ತಿತು. ದೀಪದ ಲೈನು ಬೇರೆ. ಅವಳು ಒಮ್ಮೆ ಬಲ್ಬನ್ನು ನೋಡಿ ಮತ್ತೆ ಒಳಗೆ ತಡಕಾಡಿದಳು. ನಾನು ಎಣಿಸಿದೆ. ಐದು, ಆರು, ಏಳು. ಎಂಟು, ಒಂಬತ್ತು, ಹತ್ತು. ಡ್ರಮ್ಮು ತಿರುಗಲಿಲ್ಲ. ಹನ್ನೊಂದಕ್ಕೋ ಹನ್ನೆರಡಕ್ಕೋ ಅವಳು ಒಂದು ಹಿಡಿ ಎಲೆ ತೆಗೆದು ನೆಲಕ್ಕೆ ಕೊಡವಿ, ಸೀರೆಗೆ ಕೈ ಒರೆಸಿಕೊಂಡಳು. ಆಮೇಲೇ ನಾನು ಹಿಡಿಯಿಂದ ಕೈ ತೆಗೆದೆ. ಅವಳು ನೀರು ತಂದು ಕೊಟ್ಟಳು.

ಆ ಸಂಜೆಯೊಳಗೆ ಮೂರು ಪೆಟ್ಟಿಗೆಗಳೂ ಕೆಳಗಿಳಿದವು, ಹಳೆಯ ಸ್ಟಾರ್ಟರುಗಳು ತಮ್ಮ ಜಾಗಕ್ಕೆ ಬಂದವು. ಮರುದಿನ ಮೇಲಿನ ಎಸ್ಟೇಟಿಗೆ ಹೋಗಿ, ಕಣದಲ್ಲಿ ಕಾಫಿ ಹರವುತ್ತಿದ್ದವರಿಗೆಲ್ಲ ಕೇಳಿಸುವ ಹಾಗೆ ಸಾಹುಕಾರರಿಗೆ ಹೇಳಿದೆ: ತಪ್ಪು ಅಕ್ಕನದಲ್ಲ, ಪೆಟ್ಟಿಗೆಯದು, ಪೆಟ್ಟಿಗೆ ನನ್ನದು. ಅವಳು ಮೊದಲೇ ಹೇಳಿ ಕಳಿಸಿದ್ದಳು ಎಂಬುದನ್ನೂ ಹೇಳಿದೆ. ಸಾಹುಕಾರರು ರೈಟರನ್ನು ನೋಡಿದರು. ರೈಟರ್ ಕಾಲಿನ ಬೆರಳಲ್ಲಿ ನೆಲ ಕೆರೆಯುತ್ತಾ, "ಹೌದು, ಹೇಳಿದ್ಲು," ಅಂದರು.

ನೋಟ್‌ಬುಕ್ಕಿನ ಕೆಂಪು ಸಾಲನ್ನು ಹೊಡೆದುಹಾಕಿದೆ. ಪ್ರತಿ ಬ್ಲಾಕಿನ ಪುಟಕ್ಕೂ ಮೇಲ್ಗಡೆ ಒಂದು ಪ್ರಶ್ನೆ ಸೇರಿಸಿದೆ: ಈ ಮೆಷಿನ್ ನಿಂತಾಗ ಒಳಗೆ ಯಾರ ಕೈ ಇರುತ್ತದೆ? ಅದಕ್ಕೆ ಉತ್ತರ ಸಿಗುವ ತನಕ ಯಾವ ಬ್ಲಾಕನ್ನೂ ಸ್ಟೋರಿನಿಂದ ಹೊರಗೆ ಬಿಡಲಿಲ್ಲ. ಉತ್ತರ ಕೇಳುವುದು ಸಾಹುಕಾರರನ್ನಲ್ಲ, ರೈಟರನ್ನೂ ಅಲ್ಲ, ಮೆಷಿನ್ನಿಗೆ ಕೈ ಹಾಕುವವರನ್ನು. ಹೀಗಾಗಿ ಒಂದೊಂದು ಪೆಟ್ಟಿಗೆಗೂ ತಿಂಗಳು ಹಿಡಿಯತೊಡಗಿತು.

ಎರಡು ದಿನ ಬಿಟ್ಟು ಮತ್ತೆ ಹಾಸನಕ್ಕೆ ಹೋದೆ. ಮೂರೂ ತೆಗೆದದ್ದಾಯಿತು ಎಂದು ಅಕ್ಕನಿಗೆ ಹೇಳಿದೆ. ಬೆಳಗೋಡಿನ ಹೆಂಗಸಿನ ವಿಷಯವನ್ನೂ ಹೇಳಿದೆ. ಅಕ್ಕ ದಿಂಬಿನಿಂದ ಎದ್ದು ಕೂತಳು.

"ಕೈ ಒಳಗಿತ್ತಾ?"

"ಇತ್ತು. ಮೊಣಕೈ ತಂಕ."

"ಬೆರಳು?"

"ಹತ್ತೂ ಅವೆ ಅಕ್ಕ."

ಅವಳು ಬಟ್ಟೆ ಸುತ್ತಿದ ಬಲಗೈಯನ್ನು ಎಡಗೈಯಲ್ಲಿ ಎದೆಗೆ ಒತ್ತಿಕೊಂಡು, ಗೋಡೆಯ ಕಡೆ ತಿರುಗಿ ಮಲಗಿ ಬಿಕ್ಕಿ ಬಿಕ್ಕಿ ಅತ್ತಳು. ಕೈ ಹೋದಾಗಿನಿಂದ ಅವ್ವ ಅತ್ತದ್ದು ಇದೇ ಮೊದಲು ಎಂದು ಮಗಳು ನನಗೆ ಹೇಳಿದಳು.